ಒಲೆಯಲ್ಲಿ ಮಂದಾಗ್ನಿ, ಮಡಿಲಲ್ಲಿ ಮಗು

ಕಳೆದ ಆಷಾಢದ ಒಂದು ಸಂಜೆ ದಂಪತಿಗಳಿಬ್ಬರು ತಮ್ಮ ಎರಡು ವರ್ಷದ ಮಗುವನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮೂರು ದಿನಕ್ಕೊಮ್ಮೆ ಮಲವಿಸರ್ಜನೆ, ಅದೂ ಅಳುತ್ತಲೇ. ಊಟವೆಂದರೆ ಮುಖ ತಿರುಗಿಸುತ್ತದೆ. ಬಾಟಲಿಯ ಹಾಲು, ಬಿಸ್ಕತ್ತು, ಮತ್ತೆ ಬಾಟಲಿಯ ಹಾಲು. ಇದೇ ಅದರ ಆಹಾರ. ತಂದೆ ಬ್ಯಾಂಕಿನಲ್ಲಿ, ತಾಯಿ ಪ್ರೌಢಶಾಲೆಯಲ್ಲಿ ಉದ್ಯೋಗಿಗಳು. ಪರೀಕ್ಷಿಸಲೆಂದು ನಾನು ಕೈ ಚಾಚಿದಾಗ ಮಗು ಚೀರಿತು. ತಾಯಿ ತಟ್ಟನೆ ಮೊಬೈಲನ್ನು ಅದರ ಕೈಗಿತ್ತರು. ಮಗು ಸುಮ್ಮನಾಯಿತು.

"ಮನ್ಯಾಗೂ ಹಿಂಗೇ ರೀ ಡಾಕ್ಟರೇ. ಮೊಬೈಲ್ ಇಲ್ಲಾಂದ್ರ ಒಂದು ತುತ್ತೂ ಒಳಗ ಹೋಗಂಗಿಲ್ಲ. ಮುಂಜಾನೆ ಎಂಟಕ್ಕ ಬಸ್ಸು, ಸಂಜೀಕ ಬಂದ್ರ ಒಲಿ ಮುಂದ ನಿಂದ್ರೂದು. ಕೂಸಿನ ಜೋಡಿ ಕುಂದ್ರೂದು ಯಾವಾಗ ಹೇಳ್ರಿ?" ಎಂದು ಆ ತಾಯಿ ಕೇಳಿದರು.

ಮಲಬದ್ಧತೆಗೆ ನನ್ನಲ್ಲಿ ಔಷಧವಿತ್ತು. ಆ ಪ್ರಶ್ನೆಗೆ ಇರಲಿಲ್ಲ. ಹೊಲ, ಕಚೇರಿ, ಅಂಗಡಿ ಎಂದು ಗಂಡಹೆಂಡಿರಿಬ್ಬರೂ ಕಾಯಕ ನಿರತರಾಗಿರುವ ಇಂದಿನ ಮನೆಗಳಲ್ಲಿ ಒಲೆ ಮತ್ತು ಮಗು ಒಂದೇ ಹೊತ್ತಿನಲ್ಲಿ ನಮ್ಮನ್ನು ಕರೆಯುತ್ತವೆ. ಇವೆರಡರಲ್ಲಿ ಯಾವುದನ್ನು ಅದರ ಪಾಡಿಗೆ ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದೇ ಈ ಲೇಖನದ ವಿಷಯ.

ನಿಧಾನಪಾಕ ನಮಗೆ ಹೊಸದಲ್ಲ

ನಮ್ಮ ಅಜ್ಜಿಯ ಕಾಲದಲ್ಲಿ ಹಾಲಿನ ಗಡಿಗೆಯನ್ನು ಕುಳ್ಳಿನ ಕೆಂಡದ ಮೇಲಿಟ್ಟರೆ ಅದು ಸಂಜೆಯವರೆಗೆ ತಾನಾಗಿಯೇ ಕಾಯುತ್ತ ಕೆಂಬಣ್ಣಕ್ಕೆ ತಿರುಗುತ್ತಿತ್ತು. ಕೆನೆ ಬೆರಳ ದಪ್ಪ ಕಟ್ಟುತ್ತಿತ್ತು. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿಯ ಕೊಪ್ಪರಿಗೆ ಹದಕ್ಕೆ ಬರುವುದೂ ಅವಸರದ ಉರಿಯಿಂದಲ್ಲ. ಇಂದು ಪೇಟೆಯಲ್ಲಿ ದೊರೆಯುವ ವಿದ್ಯುತ್ತಿನ ಸ್ಲೋ ಕುಕ್ಕರಿನ ಮೂಲವೂ ಇಂಥದೇ ಒಂದು ಮನೆವಾರ್ತೆ. ಯಹೂದ್ಯರು ಸಬ್ಬತ್ ದಿನದಂದು ಒಲೆ ಹೊತ್ತಿಸುವುದಿಲ್ಲ. ಆದುದರಿಂದ ಲಿಥುವೇನಿಯಾದ ವಿಲ್ನಿಯಸ್ ಊರಿನಲ್ಲಿ ಶುಕ್ರವಾರ ಸಂಜೆ ಕಾಳು-ಗಡ್ಡೆಗಳ ಮಡಕೆಯನ್ನು ಬ್ರೆಡ್ಡಿನ ಭಟ್ಟಿಯಲ್ಲಿಟ್ಟು, ಮರುದಿನ ಬೆಂದ ಅಡಿಗೆಯನ್ನು ತರುತ್ತಿದ್ದರು. ತಾಯಿಯ ಬಾಯಿಂದ ಈ ಸಂಗತಿಯನ್ನು ಕೇಳಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಸಂಶೋಧಕ ವಿದ್ಯುತ್ತಿನ ಮಡಕೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದ. 1971ರಿಂದ ಅದು ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಉದ್ಯೋಗಸ್ಥ ಮಹಿಳೆಯರ ಮನೆಗಳನ್ನು ಹೊಕ್ಕಿತು.

ಆಯುರ್ವೇದದಲ್ಲಿ ಮಂದಾಗ್ನಿ ಎಂಬ ಪದಕ್ಕೆ ಎರಡು ಬಳಕೆಗಳಿವೆ. ಘೃತ-ತೈಲಗಳನ್ನು ಪಾಕ ಮಾಡುವಾಗ ಒಲೆಯ ಅಗ್ನಿ ಮಂದವಾಗಿರಬೇಕು, ಅದು ಗುಣ. ಜಠರದ ಅಗ್ನಿ ಮಂದವಾದರೆ ಅದು ರೋಗ. ಒಲೆಯಲ್ಲಿ ಚೆನ್ನಾಗಿ ಬೆಂದು ಮೆತ್ತಗಾದ ಆಹಾರ ಎಳೆಯ ಜಠರದ ಕೆಲಸವನ್ನು ಹಗುರಗೊಳಿಸುತ್ತದೆ. ಒಂದು ವರ್ಷ ಕಳೆದು ಎರಡು ತುಂಬುವವರೆಗಿನ ಮಗುವನ್ನು ಸುಶ್ರುತರು ಕ್ಷೀರಾನ್ನಾದ, ಅಂದರೆ ಹಾಲನ್ನೂ ಅನ್ನವನ್ನೂ ಉಣ್ಣುವ ಮಗು ಎಂದು ಕರೆದಿದ್ದಾರೆ. ಹಾಲಿನಿಂದ ಅನ್ನದ ಕಡೆಗೆ ದಾಟುವ ಈ ಸೇತುವೆಯ ಮೇಲೆ ಬಿಸ್ಕತ್ತನ್ನು ಇಟ್ಟರೆ ಮಗು ಅಲ್ಲಿಯೇ ನಿಂತುಬಿಡುತ್ತದೆ.

ನಾನು ಮಾಡಿದ ತಪ್ಪು

ಬೆಂಗಳೂರಿನಲ್ಲಿರುವ ನನ್ನ ಸೊಸೆ ಸ್ಲೋ ಕುಕ್ಕರ್ ಕೊಂಡಾಗ ನಾನು ನಕ್ಕಿದ್ದೆ. ಆಮೇಲೆ ಅದರ ಅನುಕೂಲ ಕಂಡು ಮೆಚ್ಚಿದೆ. ಮೆಚ್ಚಿದ ಭರದಲ್ಲಿ, "ರಾಜ್ಮಾ ಕಾಳನ್ನು ನೆನೆಸಿ ಹಾಗೆಯೇ ಹಾಕಮ್ಮಾ, ಇಡೀ ದಿನ ಬೇಯುತ್ತದಲ್ಲ" ಎಂದೆ. ಊಟವಾದ ಎರಡು-ಮೂರು ತಾಸಿನಲ್ಲಿ ನಾವು ಮೂವರು ಹಿರಿಯರೂ ವಾಂತಿಯಿಂದ ಬಳಲಿದೆವು. ಅಂದು ಮೊಮ್ಮಗ ಬೇಗನೆ ಮಲಗಿ ಆ ಊಟ ಮಾಡದಿದ್ದುದು ನಮ್ಮ ಪುಣ್ಯ.

ಕಾರಣ ಇದು: ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಸಹಜ ವಿಷಾಂಶವೊಂದಿದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಶಾಖ ಕುದಿಬಿಂದುವಿಗಿಂತ ಕೆಳಗೆ ಇರುವುದರಿಂದ ವಿಷಾಂಶ ಉಳಿಯುವುದಷ್ಟೇ ಅಲ್ಲ, ಹೆಚ್ಚಲೂಬಹುದು. ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಬೇಕು; ಆಮೇಲೆಯೇ ನಿಧಾನಪಾಕಕ್ಕೆ ಹಾಕಬೇಕು. ನಾಲ್ಕು ದಶಕ ವೈದ್ಯವೃತ್ತಿ ನಡೆಸಿದವನಿಗೂ ಹೊಸ ಸಾಧನವೊಂದು ಬಂದಾಗ ಕೇಳಿ ತಿಳಿಯುವ ವಿನಯ ಬೇಕೆಂಬುದನ್ನು ಅಂದು ಕಲಿತೆ.

ಮೂರು ಸುಲಭ ಅಡಿಗೆಗಳು

ಸ್ಲೋ ಕುಕ್ಕರಿನ ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ಮುಚ್ಚಳವನ್ನು ಪದೇ ಪದೇ ತೆಗೆಯಬಾರದು. ಒಮ್ಮೆ ತೆಗೆದರೆ ಕಳೆದ ಶಾಖ ಮರಳಲು ಸುಮಾರು 20 ನಿಮಿಷ ಹಿಡಿಯುತ್ತದೆ. ಪಾತ್ರೆಯ ಗಾತ್ರಕ್ಕೆ ತಕ್ಕಂತೆ ಕೆಳಗಿನ ಅಳತೆಗಳನ್ನು ಹೆಚ್ಚಿಸಿಕೊಳ್ಳಬಹುದು.

1. ಹೆಸರುಬೇಳೆ ಕಿಚಡಿ: ಅರ್ಧ ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹೆಸರುಬೇಳೆ, 5 ಬಟ್ಟಲು ನೀರು, ಒಂದು ಬಟ್ಟಲು ಸಣ್ಣಗೆ ಹೆಚ್ಚಿದ ಕುಂಬಳಕಾಯಿ ಅಥವಾ ಗಜ್ಜರಿ, ಚಿಟಿಕೆ ಅರಿಸಿನ, ಅರ್ಧ ಚಮಚ ಜೀರಿಗೆ, ಸ್ವಲ್ಪ ಹಸಿಶುಂಠಿ. ಕಡಿಮೆ ಶಾಖದಲ್ಲಿ ಸುಮಾರು 4 ಗಂಟೆ. ಮಗುವಿನ ಪಾಲನ್ನು ತೆಗೆದು ಒಂದು ಚಮಚ ತುಪ್ಪ ಬೆರೆಸಿ, ಉಪ್ಪು-ಖಾರದ ಒಗ್ಗರಣೆಯನ್ನು ಹಿರಿಯರ ಪಾಲಿಗೆ ಹಾಕಿರಿ. ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಅಡಿಗೆಯಾಯಿತು.

2. ಜೋಳದ ನುಚ್ಚು: ಒಂದು ಬಟ್ಟಲು ನುಚ್ಚಿಗೆ 5 ಬಟ್ಟಲು ನೀರು. ರಾತ್ರಿ ಮಲಗುವಾಗ ಕಡಿಮೆ ಶಾಖದಲ್ಲಿಟ್ಟರೆ ಬೆಳಗಿಗೆ ಸಿದ್ಧ. ತುಸು ಆರಿದ ಮೇಲೆ ಮಜ್ಜಿಗೆ ಬೆರೆಸಿ ಉಣಿಸಿರಿ. ಗೋಧಿ ನುಚ್ಚನ್ನೂ ಹೀಗೆಯೇ ಬೇಯಿಸಿ, ಕೊನೆಯಲ್ಲಿ ಸ್ವಲ್ಪ ಬೆಲ್ಲ ಮತ್ತು ಕಾಯಿಸಿದ ಹಾಲು ಸೇರಿಸಬಹುದು. ಹಾಲನ್ನು ಮೊದಲೇ ಹಾಕಿದರೆ ಒಡೆಯುತ್ತದೆ.

3. ಸೊಪ್ಪಿನ ಬೇಳೆ: ಅರ್ಧ ತಾಸು ನೆನೆಸಿದ ಒಂದು ಬಟ್ಟಲು ತೊಗರಿಬೇಳೆಗೆ 4 ಬಟ್ಟಲು ನೀರು, ಅರಿಸಿನ. ಕಡಿಮೆ ಶಾಖದಲ್ಲಿ ಸುಮಾರು 6 ಗಂಟೆ. ಕೊನೆಯ ಅರ್ಧ ತಾಸಿನಲ್ಲಿ ಮೆಂತ್ಯ ಅಥವಾ ಪಾಲಕ ಸೊಪ್ಪು ಹಾಕಿರಿ. ಹುಣಸೆಹುಳಿ, ಟೊಮೆಟೊ ಏನಿದ್ದರೂ ಬೇಳೆ ಕರಗಿದ ಮೇಲೆಯೇ ಸೇರಿಸಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ.

ರಾತ್ರಿಯಲ್ಲಿ ವಿದ್ಯುತ್ ಹೋಗಿ, ಎಷ್ಟು ಹೊತ್ತು ಇರಲಿಲ್ಲವೆಂಬುದು ತಿಳಿಯದಿದ್ದರೆ ಆ ಅಡಿಗೆಯನ್ನು ಮಗುವಿಗೆ ಕೊಡಬೇಡಿರಿ. ಅರೆಬೆಚ್ಚಗೆ ಉಳಿದ ಆಹಾರದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ.

ಸ್ಲೋ ಕುಕ್ಕರ್ ಇಲ್ಲದವರು ಚಿಂತಿಸಬೇಕಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಕಿಚಡಿಯನ್ನು 10 ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರದಲ್ಲಿ ಬುಟ್ಟಿಯೊಳಗಿಟ್ಟು ಸುತ್ತಲೂ ಹಳೆಯ ಕೌದಿ ಹೊದಿಸಿರಿ. ಒಂದು ಒಂದೂವರೆ ತಾಸಿನಲ್ಲಿ ಅದು ತನ್ನ ಶಾಖದಲ್ಲಿ ತಾನೇ ಬೆಂದಿರುತ್ತದೆ. ಇದನ್ನು ರಾತ್ರಿಯಿಡೀ ಇಡದೆ ಬಿಸಿಯಿರುವಾಗಲೇ ಉಣ್ಣಬೇಕು. ಬಿಸಿ ಆರಿದ್ದರೆ ಮತ್ತೊಮ್ಮೆ ಕುದಿಸಬೇಕು.

ಉಳಿದ ಸಮಯ ಯಾರದು?

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಪಾತ್ರೆ ತಾನಾಗಿ ಬೇಯುವಾಗ ಸಂಜೆ ಮುಕ್ಕಾಲು ತಾಸಾದರೂ ಉಳಿಯುತ್ತದೆ. ಆ ಸಮಯವನ್ನು ಬಟ್ಟೆ ಮಡಿಸಲು, ಕಚೇರಿಯ ಕಡತ ನೋಡಲು ಕೊಟ್ಟರೆ ನಿಧಾನಪಾಕದಿಂದ ಮಗುವಿಗೆ ದಕ್ಕಿದ್ದೇನು? ಆ ಮುಕ್ಕಾಲು ತಾಸು ಮಗುವಿನದು. ತಾಯಿಯೊಬ್ಬಳೇ ಕೊಡಬೇಕೆಂದಿಲ್ಲ, ತಂದೆಯೂ ಅಜ್ಜ-ಅಜ್ಜಿಯರೂ ಕೊಡಬೇಕು.

ಅದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮಗುವಿನ ಆಟಿಕೆ ಹೇಗಿರಬೇಕೆಂಬ ಸೂಚನೆಯಿದೆ: ಬಣ್ಣಬಣ್ಣದ್ದಾಗಿ, ಸದ್ದು ಮಾಡುವಂತೆ, ನೋಡಲು ಚೆನ್ನಾಗಿ ಇರಬೇಕು, ಭಾರವಾಗಿರಬಾರದು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸಬಾರದು. ಸುಮಾರು ಎರಡು ಸಾವಿರ ವರ್ಷ ಹಳೆಯ ಈ ಪಟ್ಟಿಗೆ ಇಂದಿಗೂ ನಾವು ಸೇರಿಸುವುದು ಹೆಚ್ಚೇನಿಲ್ಲ. ಈ ಅಳತೆಗೆ ಹೊಂದುವ ಕೆಲವು ಆಟಗಳು ಹೀಗಿವೆ:

- ಒಂದರಿಂದ ಒಂದೂವರೆ ವರ್ಷ: ನಾಲ್ಕು ಗಾತ್ರದ ಡಬ್ಬಿಗಳನ್ನು ಕೊಟ್ಟು ಯಾವ ಮುಚ್ಚಳ ಯಾವುದಕ್ಕೆ ಎಂದು ಹುಡುಕಿಸುವುದು. ಬಟಾಟೆಗಳನ್ನು ಬುಟ್ಟಿಗೆ ಹಾಕುವುದು, ತೆಗೆಯುವುದು.
- ಒಂದೂವರೆಯಿಂದ ಎರಡು: ಲೋಟದಿಂದ ಲೋಟಕ್ಕೆ ನೀರು ಸುರಿಯುವುದು. ಪೂಜೆಯ ಹೂಗಳನ್ನು ಬುಟ್ಟಿಗೆ ತುಂಬಿ ಅಜ್ಜಿಗೆ ಒಯ್ದು ಕೊಡುವುದು.
- ಎರಡರಿಂದ ಮೂರು: ಮೆಂತ್ಯದ ಎಲೆ ಬಿಡಿಸುವುದು, ಕಣಕದ ಉಂಡೆ ಕಟ್ಟುವುದು, ತಟ್ಟೆಯಲ್ಲಿ ಹರಡಿದ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುವುದು.

ಎಲೆ ಬಿಡಿಸುವ ಬೆರಳುಗಳೇ ನಾಳೆ ಲೇಖನಿ ಹಿಡಿಯುತ್ತವೆ. ತಾನು ಬಿಡಿಸಿದ ಸೊಪ್ಪನ್ನು ಮಗು ಬಾಯಿಗಿಟ್ಟು ನೋಡುವ ಸಂಭವವೂ ಹೆಚ್ಚು.

ಎಚ್ಚರಿಕೆಗಳೂ ಅವಶ್ಯ. ಇಡೀ ಶೇಂಗಾ, ಪುಟಾಣಿ, ಬಟಾಣಿ, ದ್ರಾಕ್ಷಿ ಎಳೆಯ ಮಕ್ಕಳ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಆಟಕ್ಕೂ ಬೇಡ, ಊಟಕ್ಕೂ ಬೇಡ. ನೀರಾಟದಲ್ಲಿ ಮಗುವನ್ನು ಕ್ಷಣವೂ ಬಿಟ್ಟು ಹೋಗಬಾರದು, ಆಟ ಮುಗಿದೊಡನೆ ಬಕೆಟ್ಟನ್ನು ಬರಿದು ಮಾಡಬೇಕು. ಕುಕ್ಕರಿನ ವೈರು ಮಗುವಿನ ಕೈಗೆ ಎಟುಕಬಾರದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಬಾರದು.

ಗುಮ್ಮನೂ ಬೇಡ, ಮೊಬೈಲೂ ಬೇಡ

ಊಟ ಮಾಡದ ಮಗುವಿಗೆ ಭೂತ-ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಚರಕರು ಸ್ಪಷ್ಟವಾಗಿ ತಿಳಿಸಿದ್ದಾರೆ. ನಮ್ಮ ಕಾಲದವರು ಗುಮ್ಮನನ್ನು ಕರೆಯುತ್ತಿದ್ದೆವು. ಈಗಿನವರು ಮೊಬೈಲನ್ನು ಕರೆಯುತ್ತಾರೆ. ಒಂದು ಹೆದರಿಸಿ ಬಾಯಿ ತೆರೆಸುತ್ತದೆ, ಇನ್ನೊಂದು ಮರೆಸಿ ತೆರೆಸುತ್ತದೆ. ಎರಡರಲ್ಲಿಯೂ ಮಗುವಿಗೆ ತನ್ನ ಹಸಿವು ತಿಳಿಯುವುದಿಲ್ಲ. ಉಣ್ಣುವಾಗ ಮನಸ್ಸು ಅನ್ನದಲ್ಲಿಯೇ ಇರಬೇಕೆಂಬುದು ಚರಕರ ಆಹಾರವಿಧಿಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೆಂದೂ, ಎರಡು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ, ಈ ವಯಸ್ಸಿನವರು ದಿನಕ್ಕೆ 3 ಗಂಟೆಯಾದರೂ ಓಡಾಡಿ ಆಡಬೇಕೆಂದೂ ತಿಳಿಸಿದೆ.

ಮಗುವಿನ ತೂಕ ಏರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಪದೇ ಪದೇ ವಾಂತಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮಕ್ಕಳ ತಜ್ಞರನ್ನು ಕಾಣಬೇಕು.

ಆ ದಂಪತಿಗಳಿಗೆ ಮೃದುವಾದ ಔಷಧವನ್ನು ಕೆಲವು ದಿನಗಳಿಗಷ್ಟೇ ಕೊಟ್ಟು, ಬಾಟಲಿಯ ಹಾಲನ್ನು ಕಡಿಮೆ ಮಾಡಿಸಿ, ಮೇಲಿನದನ್ನೆಲ್ಲ ಹೇಳಿ ಕಳುಹಿಸಿದೆ. ದೀಪಾವಳಿಯ ನಂತರ ಅವರು ಮತ್ತೆ ಬಂದರು. ಮಲಬದ್ಧತೆ ಹೋಗಿತ್ತು. ಮೊಬೈಲಿನ ಹಟ ಪೂರ್ತಿ ಹೋಗಿರಲಿಲ್ಲ. ತಾಯಿ ಅದನ್ನು ಮುಚ್ಚಿಡದೆ ಹೇಳಿದರು. "ಆದ್ರ ಡಾಕ್ಟರೇ, ಸಂಜೀಕ ನಾ ಬರೂದ್ರಾಗ ಸೊಪ್ಪಿನ ಸಿವುಡು ಹಿಡಕೊಂಡು ಬಾಗಲಾಗ ಕುಂತಿರತೈತ್ರಿ" ಎಂದರು. ಮಗು ಅವರ ಮಡಿಲಲ್ಲಿತ್ತು. ಈ ಸಲ ಅದು ನನ್ನ ಕೈಗೆ ತನ್ನ ಕೈಯನ್ನು ತಾನೇ ಕೊಟ್ಟಿತು.

ಅಡಿಗೆಯನ್ನು ಪಾತ್ರೆಗೆ ಒಪ್ಪಿಸಿರಿ. ಅದು ನಂಬಿಕೆಗೆ ಅರ್ಹ. ಮಗುವನ್ನು ಮಾತ್ರ ಯಾವ ಯಂತ್ರಕ್ಕೂ ಒಪ್ಪಿಸಬೇಡಿರಿ.