ತನಗೆ ತಾನಿತ್ತ ಭಾಷೆ

ಪರರಿಗಿತ್ತ ಮಾತಿಗೆ ಪತ್ರವುಂಟು, ಸಾಕ್ಷಿಯುಂಟು, ತಪ್ಪಿದರೆ ನ್ಯಾಯಸ್ಥಾನವುಂಟು. ತನಗೆ ತಾನೇ ಇತ್ತ ಭಾಷೆಗಾದರೋ ವಾದಿಯೂ ತಾನೇ, ಪ್ರತಿವಾದಿಯೂ ತಾನೇ, ತೀರ್ಪು ಹೇಳುವವನೂ ತಾನೇ. ಇಂತಹ ಭಾಷೆಯನ್ನು ಎದೆಗಾರಿಕೆಯಿಂದ ಮುರಿಯುವವರು ವಿರಳ; ಅದರ ಅರ್ಥವನ್ನು ತಿದ್ದಿ ಮೆಲ್ಲನೆ ಜಾರಿಕೊಳ್ಳುವವರೇ ಬಹಳ. ಈ ವಿಷಯದಲ್ಲಿ ಮಹಾತ್ಮಾ ಗಾಂಧಿಯವರ ಜೀವನದ ಪ್ರಸಂಗವೊಂದನ್ನು ವಾಚಕರ ಮುಂದಿಡಬಯಸುತ್ತೇವೆ.

1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದಾಗ ಅವರು ಹಾಲನ್ನು ತ್ಯಜಿಸಿದರು. ಹಾಲು ಇಂದ್ರಿಯವಿಕಾರಗಳನ್ನು ಕೆರಳಿಸುವುದೆಂಬ ನಂಬಿಕೆ ಒಂದು ಕಾರಣ. ಕಲ್ಕತ್ತೆಯಲ್ಲಿ ಹಾಲು ಮಾರುವವರು ಆಕಳುಗಳಿಗೆ ಕೊಡುತ್ತಿದ್ದ ಹಿಂಸೆಯ ವೃತ್ತಾಂತವು ಇನ್ನೊಂದು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಕೂಡಿಸಲು ಊರೂರು ತಿರುಗುತ್ತಿದ್ದಾಗ ಅತಿಸಾರಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಬದುಕುವ ಆಸೆಯನ್ನೇ ಬಿಟ್ಟಿದ್ದರು. ಬಳಿಕ ಮುಂಬಯಿಯಲ್ಲಿ ಡಾಕ್ಟರ್ ದಲಾಲರು, ಹಾಲಿಲ್ಲದೆ ಈ ದೇಹವನ್ನು ಮರಳಿ ಕಟ್ಟಲಾಗದೆಂದು ಸ್ಪಷ್ಟವಾಗಿ ತಿಳಿಸಿದರು. ವ್ರತವು ಅಡ್ಡಬಂದಿತು. ಆಗ ಕಸ್ತೂರಬಾ, ಆಡಿನ ಹಾಲಿಗೆ ಅಡ್ಡಿಯಿರಲಾರದಷ್ಟೆ ಎಂದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಆಕಳು ಎಮ್ಮೆಗಳು ಮಾತ್ರವೆಂಬುದು ನಿಜ. ರೌಲಟ್ ಮಸೂದೆಗಳ ವಿರುದ್ಧ ಸತ್ಯಾಗ್ರಹ ಹೂಡಬೇಕೆಂಬ ಹಂಬಲವು ಬದುಕುವ ಆಸೆಯನ್ನು ಮತ್ತೆ ಚಿಗುರಿಸಿದ್ದಿತು. ಅವರು ಒಪ್ಪಿದರು.

ಆ ತಾಯಿಯ ಮಾತಿಗೆ ದೇಶವೇ ಋಣಿಯೆಂದು ನಾವು ಭಾವಿಸುತ್ತೇವೆ. ಅಕ್ಷರದ ಲೆಕ್ಕದಲ್ಲಿ ವ್ರತಭಂಗವೂ ಆಗಿರಲಿಲ್ಲ. ಆದರೆ ಗಾಂಧಿಯವರು ಆ ಲೆಕ್ಕವನ್ನು ಒಪ್ಪಲಿಲ್ಲ. ವ್ರತದ ದೇಹವನ್ನು ಉಳಿಸಿಕೊಂಡು ಪ್ರಾಣವನ್ನು ಕಳೆದೆನೆಂದೂ, ಬದುಕುವ ಆಸೆಯು ಸತ್ಯನಿಷ್ಠೆಯನ್ನು ಮೀರಿತೆಂದೂ, ಅದರ ನೋವು ಇನ್ನೂ ಹೋಗಿಲ್ಲವೆಂದೂ ಹಲವು ವರ್ಷಗಳ ಮೇಲೆ ಆತ್ಮಕಥೆಯಲ್ಲಿ ಬಹಿರಂಗವಾಗಿ ಬರೆದರು. ಆಡಿನ ಹಾಲನ್ನು ಮುಂದೆಯೂ ಕುಡಿದರು. ಆದರೆ ವ್ರತವು ಅಖಂಡವಾಗಿ ಉಳಿಯಿತೆಂದು ಮಾತ್ರ ಹೇಳಿಕೊಳ್ಳಲಿಲ್ಲ.

ಇದನ್ನು ಬರೆಯುವ ನಾವೇ ಯುಗಾದಿಯ ದಿನ ನಶ್ಯವನ್ನು ಬಿಟ್ಟೆವೆಂದು ಸಂಕಲ್ಪಿಸಿದೆವು. ವಾರ ಕಳೆಯುವಷ್ಟರಲ್ಲಿ, ಕೊಳ್ಳಬಾರದೆಂದೇ ಹೊರತು ಮಿತ್ರರು ನೀಡಿದ ಚಿಟಿಕೆಯನ್ನು ನಿರಾಕರಿಸಬೇಕೆಂದಲ್ಲವೆಂಬ ಭಾಷ್ಯವು ಹುಟ್ಟಿತು. ಕಚೇರಿಗೆ ಬರುವ ಮಿತ್ರರ ಸಂಖ್ಯೆಯೂ ಏಕೋ ಹೆಚ್ಚಿತು. ನಮ್ಮ ಈ ಆಡಿನ ಹಾಲಿಗೆ ಡಾಕ್ಟರರ ಅಪ್ಪಣೆಯೂ ಇರಲಿಲ್ಲ, ರೌಲಟ್ ಮಸೂದೆಯೂ ಇರಲಿಲ್ಲ.