ಗಾಜಿನ ಪೆಟ್ಟಿಗೆಯ ಗಿಟಾರ್ ಅಸಲಿ ಅಂತ ಹೇಳೋದು ಯಾರು?

ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಎರಡು ತುಂಡು ಮಾಡೋಕೆ ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು. ಫೆಂಡರ್ ಕಂಪನಿ 1954ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿದ್ದೇ ಹಾಗೆ. ಬಾಡಿ ಬೇರೆ, ಎಡಗೈಯಲ್ಲಿ ಹಿಡಿಯುವ ಉದ್ದನೆಯ ನೆಕ್ ಬೇರೆ. ಕೆಟ್ಟಿದ್ದನ್ನು ತೆಗಿ, ಹೊಸದು ಹಾಕು. ಎಂಜಿನಿಯರಿಂಗ್ ಓದಿದ ನನಗೆ ಇದು ಬಹಳ ಜಾಣ ವಿನ್ಯಾಸ ಅನ್ನಿಸುತ್ತೆ. ಆದರೆ ಅದೇ ಗಿಟಾರ್ ಐವತ್ತು ವರ್ಷದ ನಂತರ ಮ್ಯೂಸಿಯಂಗೆ ಬಂದು, ಪಕ್ಕದಲ್ಲಿ 'ಇದನ್ನು ಇಂಥವರು ನುಡಿಸಿದ್ದರು' ಅನ್ನೋ ಫಲಕ ನಿಂತಾಗ ಈ ಜಾಣತನವೇ ತಲೆನೋವು. ಹಳೆಯ ಸ್ಟ್ರಾಟ್‌ಗಳ ಸೀರಿಯಲ್ ನಂಬರ್ ಇರೋದು ಎಲ್ಲಿ ಗೊತ್ತಾ? ಅದೇ ನಾಲ್ಕು ಸ್ಕ್ರೂ ಹಿಡಿದಿರುವ ಲೋಹದ ತಗಡಿನ ಮೇಲೆ. ಅದನ್ನು ಇನ್ನೊಂದು ಗಿಟಾರಿಗೆ ಹಾಕೋಕೆ ಐದು ನಿಮಿಷ ಬೇಕಿಲ್ಲ.

ಹಾಗಾದರೆ ಅಸಲಿ ಅಂತ ತೀರ್ಮಾನಿಸೋದು ಹೇಗೆ? ಬಾಬ್ ಡಿಲನ್ ಗಿಟಾರಿನ ಕತೆ ನೋಡಿ.

1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಡಿಲನ್ ಅಕೌಸ್ಟಿಕ್ ಗಿಟಾರ್ ಬಿಟ್ಟು ಎಲೆಕ್ಟ್ರಿಕ್ ಹಿಡಿದು ವೇದಿಕೆ ಹತ್ತಿದರು. ಪ್ರತಿಭಟನೆಯ ಹಾಡುಗಾರ ತಮ್ಮವನು ಅಂದುಕೊಂಡಿದ್ದ ಜನರಲ್ಲಿ ಹಲವರು ಕೂಗಾಡಿದರು. ಅಮೆರಿಕದ ಸಂಗೀತ ಚರಿತ್ರೆಯಲ್ಲಿ ಅದೊಂದು ತಿರುವು. ಆ ಗಿಟಾರ್ ಮಾತ್ರ ಎಲ್ಲೋ ಕಾಣೆಯಾಯಿತು. ಸುಮಾರು ಅರ್ಧ ಶತಮಾನದ ನಂತರ, 2012ರಲ್ಲಿ, ಪಿಬಿಎಸ್ ವಾಹಿನಿಯ 'ಹಿಸ್ಟರಿ ಡಿಟೆಕ್ಟಿವ್ಸ್' ಕಾರ್ಯಕ್ರಮಕ್ಕೆ ಒಬ್ಬ ಮಹಿಳೆ ಒಂದು ಗಿಟಾರ್ ತಂದರು. ತಮ್ಮ ತಂದೆ ಪೈಲಟ್ ಆಗಿದ್ದರು, ಡಿಲನ್ ಅದನ್ನು ವಿಮಾನದಲ್ಲೇ ಬಿಟ್ಟು ಹೋಗಿದ್ದರು ಅನ್ನೋದು ಅವರ ಮಾತು. ಡಿಲನ್ ಪರ ವಕೀಲರು ಇದನ್ನು ಒಪ್ಪಲಿಲ್ಲ. ಆ ಗಿಟಾರ್ ಡಿಲನ್ ಬಳಿಯೇ ಇದೆ ಅಂದರು.

ಸೀರಿಯಲ್ ನಂಬರ್ ಇಲ್ಲಿ ಕೆಲಸಕ್ಕೆ ಬರಲಿಲ್ಲ, ನೆರವಿಗೆ ಬಂದಿದ್ದು ಮರ. ಗಿಟಾರ್ ತಜ್ಞ ಆ್ಯಂಡಿ ಬಾಬಿಯುಕ್ ನ್ಯೂಪೋರ್ಟ್‌ನಲ್ಲಿ ಹತ್ತಿರದಿಂದ ತೆಗೆದ ಬಣ್ಣದ ಫೋಟೋಗಳನ್ನೂ ಎದುರಿಗಿದ್ದ ಗಿಟಾರನ್ನೂ ಅಕ್ಕಪಕ್ಕ ಇಟ್ಟು ಮರದ ಗೆರೆಗಳನ್ನು ಹೋಲಿಸಿದರು. ಬೆರಳಾಡುವ ಪಟ್ಟಿ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನ ಬೀಟೆಯ ಕುಲದ್ದೇ ಮರ. ಬೀಟೆ ಹಲಗೆ ಕುಯ್ದದ್ದನ್ನು ನೋಡಿದವರಿಗೆ ಗೊತ್ತು: ಒಂದೇ ದಿಮ್ಮಿಯ ಎರಡು ಹಲಗೆಯಲ್ಲೂ ಗೆರೆ ಒಂದೇ ಥರ ಇರೋಲ್ಲ. ಅದು ಬೆರಳಚ್ಚು ಇದ್ದ ಹಾಗೆ. ಗೆರೆಗಳು ಕೂಡಿಬಂದವು. ಮಾಲೀಕತ್ವದ ತಗಾದೆ ರಾಜಿಯಲ್ಲಿ ಮುಗಿಯಿತು. 2013ರ ಡಿಸೆಂಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 9,65,000 ಡಾಲರಿಗೆ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸಾಕ್ಷ್ಯ ಗಟ್ಟಿಯಾಗಿದೆ ಅಂತಲೇ ನನ್ನ ಅಭಿಪ್ರಾಯ. ಆದರೆ ಅದನ್ನು ಹುಡುಕಿದ್ದು ಯಾವುದೇ ಸಾರ್ವಜನಿಕ ಸಂಸ್ಥೆಯ ಸಂಶೋಧಕರಲ್ಲ. ಒಂದು ಟೀವಿ ಕಾರ್ಯಕ್ರಮ ಕೆದಕಿತು, ಖಾಸಗಿ ತಜ್ಞರು ನೋಡಿದರು, ಹರಾಜು ಕಂಪನಿ ಮಾರಿತು. ಗಿಟಾರ್ ಲೋಕದಲ್ಲಿ ಇದು ಮಾಮೂಲಿ. ಅಸಲಿ ಅಂತ ಸಾಬೀತಾದರೆ ಲಕ್ಷಾಂತರ ಡಾಲರ್, ಇಲ್ಲದಿದ್ದರೆ ಹಳೇ ಗಿಟಾರಿನ ಬೆಲೆ. ಇಂಥ ಸಂತೆಯಲ್ಲಿ ಹುಟ್ಟಿದ ಪ್ರಮಾಣಪತ್ರ ಮುಂದೆ ಮ್ಯೂಸಿಯಂ ಫಲಕದಲ್ಲಿ ಎರಡು ಸಾಲಿನ ಸತ್ಯವಾಗಿ ನಿಲ್ಲುತ್ತೆ. ನೋಡೋಕೆ ಹೋದವರಿಗೆ ಗೆರೆ ಹೋಲಿಸಿದ್ದೂ ಗೊತ್ತಾಗಲ್ಲ, ವಕೀಲರು ತಕರಾರು ತೆಗೆದದ್ದೂ ಗೊತ್ತಾಗಲ್ಲ.

ಇದಕ್ಕೆ ತದ್ವಿರುದ್ಧ ಇನ್ನೊಂದು ಗಿಟಾರ್. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡ ಕಪ್ಪು ಸ್ಟ್ರಾಟ್. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನಲ್ಲಿ ಕೇಳಿಸುವುದು ಇದೇ. ಆದರೆ ಆ ಗಿಟಾರಿನ ಪಿಕಪ್ ಬದಲಾಗಿದೆ, ಮುಂದಿನ ಪ್ಲಾಸ್ಟಿಕ್ ಫಲಕ ಬದಲಾಗಿದೆ, ನೆಕ್ ಒಂದಲ್ಲ ಹಲವು ಸಲ ಬದಲಾಗಿದೆ. ಈಗ ಇರುವ ನೆಕ್ 1980ರ ದಶಕದ್ದು. ಅಂದರೆ ಆ ಆಲ್ಬಂ ನುಡಿಸುವಾಗ ಗಿಲ್ಮೋರ್ ಬೆರಳು ಓಡಾಡಿದ ಮರ ಈ ಗಿಟಾರಿನಲ್ಲಿ ಇಲ್ಲವೇ ಇಲ್ಲ! ನಡುವೆ ಇದು ಹಾರ್ಡ್ ರಾಕ್ ಕೆಫೆಯಲ್ಲಿ ಪ್ರದರ್ಶನಕ್ಕಿತ್ತು. ಅಲ್ಲಿಂದ ವಾಪಸ್ ಬಂದಾಗ ಅದರ ಸ್ಥಿತಿ ಚೆನ್ನಾಗಿರಲಿಲ್ಲ.

ಹಾಗಾದರೆ ಇದು ಅಸಲಿಯಾ? ಹೌದು, ಡಿಲನ್ ಗಿಟಾರಿಗಿಂತ ಒಂದು ಕೈ ಮೇಲೆ ಅಂತಲೇ ಹೇಳ್ತೀನಿ. ಯಾಕಂದ್ರೆ ಗಿಲ್ಮೋರ್ ಜೊತೆ ದಶಕಗಳ ಕಾಲ ಕೆಲಸ ಮಾಡಿದ ತಂತ್ರಜ್ಞ ಫಿಲ್ ಟೇಲರ್, ಅದಕ್ಕೆ ಯಾವಾಗ ಏನು ಹಾಕಿದರು, ಏನು ತೆಗೆದರು ಅಂತ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಬದಲಾವಣೆ ಮುಚ್ಚಿಟ್ಟರೆ ಮೋಸ, ಬರೆದಿಟ್ಟರೆ ಚರಿತ್ರೆ. 2019ರಲ್ಲಿ ಇದು 39,75,000 ಡಾಲರಿಗೆ ಮಾರಾಟವಾಯಿತು. ಆ ಹರಾಜಿನ ಹಣವನ್ನು ಗಿಲ್ಮೋರ್ ಹವಾಮಾನ ಬದಲಾವಣೆ ವಿರುದ್ಧ ಕಾನೂನು ಹೋರಾಟ ನಡೆಸುವ ಕ್ಲೈಂಟ್‌ಅರ್ಥ್ ಸಂಸ್ಥೆಗೆ ಕೊಟ್ಟರು.

ಅಸಲಿ ಅಂತ ಒಪ್ಪಿದ ಮೇಲೆ ಅದನ್ನು ಉಳಿಸಿಕೊಳ್ಳುವ ಕೆಲಸ ಶುರು. ಇಲ್ಲಿ ಶತ್ರು ಕಳ್ಳರಲ್ಲ, ಗಾಳಿ. ಮರ ತೇವ ಹೀರಿ ಹಿಗ್ಗುತ್ತೆ, ಒಣಗಿ ಕುಗ್ಗುತ್ತೆ, ಅದೂ ಗೆರೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಹಿಗ್ಗು–ಕುಗ್ಗು ಪದೇ ಪದೇ ಆದರೆ ಅಂಟು ಬಿಡುತ್ತೆ, ಹಲಗೆ ಸೀಳುತ್ತೆ. ಅದಕ್ಕೇ ಮ್ಯೂಸಿಯಂಗಳು ತೇವಾಂಶವನ್ನು ಶೇ. 50ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಹಿಡಿದಿಡಲು ಒದ್ದಾಡೋದು. ತಂತಿಗಳದ್ದು ಬೇರೆ ಲೆಕ್ಕ. ಶ್ರುತಿ ಮಾಡಿದ ಅಕೌಸ್ಟಿಕ್ ಗಿಟಾರಿನ ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಒಬ್ಬ ಮನುಷ್ಯ ಹಗಲೂ ರಾತ್ರಿ ಆ ತೆಳು ಹಲಗೆಗೆ ಜೋತುಬಿದ್ದ ಹಾಗೆ. ಪೂರ್ತಿ ಬಿಚ್ಚಿದರೆ ನೆಕ್ ಹಿಂದಕ್ಕೆ ಬಾಗುವ ಭಯ, ಹಾಗಾಗಿ ಸಡಿಲಿಸಿ ಇಡುತ್ತಾರೆ. ಹಳೆಯ ಗಿಟಾರುಗಳ ಸೆಲ್ಯುಲಾಯ್ಡ್ ಭಾಗಗಳಂತೂ ತಾವಾಗಿಯೇ ಕೊಳೆತು ಆಮ್ಲದ ಆವಿ ಬಿಡುತ್ತವೆ. ಪೆಟ್ಟಿಗೆ ಮುಚ್ಚಿದ್ದರೆ ಪಕ್ಕದ ಲೋಹಕ್ಕೂ ತುಕ್ಕು. ಕಾಪಾಡಬೇಕಾದ ಗಾಜೇ ಕೆಲವೊಮ್ಮೆ ವಿಷದ ಕೋಣೆ.

ಇನ್ನು ಕೊಳೆ. ಮನೆಯಲ್ಲಾದರೆ ಒರೆಸುತ್ತೇವೆ. ಆದರೆ ಎರಿಕ್ ಕ್ಲಾಪ್ಟನ್ ಅವರ 'ಬ್ಲ್ಯಾಕಿ' ಗಿಟಾರಿನ ತಲೆಭಾಗದಲ್ಲಿ ಸಿಗರೇಟು ಸುಟ್ಟ ಗುರುತಿದೆ. ತಂತಿಗೆ ಸಿಕ್ಕಿಸಿ ನುಡಿಸುತ್ತಿದ್ದ ಸಿಗರೇಟಿನದು. ಆ ಕಲೆ ತೆಗೆದರೆ ಸಾಕ್ಷಿ ಅಳಿಸಿದ ಹಾಗೆ. ಇಲ್ಲಿ ಸಂರಕ್ಷಣೆ ಅಂದರೆ ಹಾಳಾದದ್ದನ್ನು ಹಾಳಾದ ಹಾಗೇ ಕಾಯುವುದು.

ಈ ಮಾತಿಗೆ ಐರ್ಲೆಂಡಿನ ರೋರಿ ಗ್ಯಾಲಗರ್ ಅವರ ಗಿಟಾರಿಗಿಂತ ಒಳ್ಳೆ ಉದಾಹರಣೆ ಇಲ್ಲ. 1961ರಲ್ಲಿ ತಯಾರಾದ ಸ್ಟ್ರಾಟ್, 1963ರಲ್ಲಿ ಕಾರ್ಕ್ ಊರಿನ ಅಂಗಡಿಯಿಂದ 100 ಪೌಂಡಿಗೆ ಸಾಲದಲ್ಲಿ ಕೊಂಡದ್ದು. ಒಮ್ಮೆ ಕಳುವಾಗಿ ಮಳೆಯಲ್ಲಿ ಹಳ್ಳದಲ್ಲಿ ಬಿದ್ದಿತ್ತು. ಆ ನೀರು, ವರ್ಷಗಟ್ಟಲೆ ಹರಿದ ಬೆವರು ಸೇರಿ ಬಣ್ಣ ಬಹುಪಾಲು ಎದ್ದುಹೋಗಿ ಬೋಳು ಮರ ಉಳಿಯಿತು. ಫೆಂಡರ್ ಕಂಪನಿ ಈ ಗಿಟಾರಿನ ತದ್ರೂಪು ಮಾಡಿ ಮಾರುತ್ತೆ, ಎದ್ದುಹೋದ ಬಣ್ಣದ ಸಮೇತ! ಒಬ್ಬ ಬಡ ಹುಡುಗನ ಸವೆತವನ್ನು ಫ್ಯಾಕ್ಟರಿಯಲ್ಲಿ ಉಜ್ಜಿ ತಯಾರಿಸಿ ದುಬಾರಿ ಬೆಲೆಗೆ ಮಾರುವುದು ನನಗಂತೂ ವಿಚಿತ್ರವೇ. ತದ್ರೂಪು ತಪ್ಪು ಅಂತಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ 2011ರಲ್ಲಿ ಪಡೆದದ್ದು ಎಡ್ಡಿ ವ್ಯಾನ್ ಹೇಲನ್ ಅವರ 'ಫ್ರಾಂಕೆನ್‌ಸ್ಟೈನ್' ಗಿಟಾರಿನ ತದ್ರೂಪನ್ನೇ. ಹೆಸರೇ 'ಫ್ರ್ಯಾಂಕ್ 2', ಮುಚ್ಚುಮರೆ ಇಲ್ಲ.

ಉಳಿದದ್ದು ಯಜಮಾನಿಕೆಯ ಪ್ರಶ್ನೆ. ಡಿಲನ್ ಗಿಟಾರ್, ಗಿಲ್ಮೋರ್ ಗಿಟಾರ್ ಎರಡನ್ನೂ ಕೊಂಡವರು ಒಬ್ಬರೇ: ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಮಾಲೀಕ ಜಿಮ್ ಇರ್ಸೆ. ಅವರು ತಮ್ಮ ಸಂಗ್ರಹವನ್ನು ಊರೂರಿಗೆ ಒಯ್ದು ಪುಕ್ಕಟೆಯಾಗಿ ತೋರಿಸಿದರು, ಅದು ಅವರ ದೊಡ್ಡತನ. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಜನ ನೋಡುವುದು ಬಿಡುವುದು ಒಬ್ಬರ ದೊಡ್ಡತನದ ಮೇಲೆ ನಿಂತಿದ್ದರೆ ಅದನ್ನು ಸಾರ್ವಜನಿಕ ಪರಂಪರೆ ಅನ್ನೋದು ಹೇಗೆ?

ಗ್ಯಾಲಗರ್ ಗಿಟಾರ್ 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಅದು ಐರ್ಲೆಂಡಿನಲ್ಲೇ ಉಳಿಯಬೇಕು ಅಂತ ಅಭಿಮಾನಿಗಳು ದನಿ ಎತ್ತಿದ್ದರು. ಕಡೆಗೆ 8,89,400 ಪೌಂಡಿಗೆ ಅದನ್ನು ಕೊಂಡಿದ್ದು ಲೈವ್ ನೇಶನ್ ಗೈಟಿ ಅನ್ನೋ ಸಂಗೀತ ಕಛೇರಿ ಆಯೋಜಿಸುವ ಕಂಪನಿ, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಕೊಡೋದಕ್ಕೆ. ಸಾಲ ಮಾಡಿ 100 ಪೌಂಡಿಗೆ ಕೊಂಡ ಗಿಟಾರ್ ಈಗ ಐರ್ಲೆಂಡಿನ ಜನರದ್ದು.