ನಾಯಿ, ನಾಯಕ ಮತ್ತು 2,670 ಪೌಂಡ್ ಸಾಲ

ನಮ್ಮ ಹಾಸ್ಟೆಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್‌ಗಳಿಗೇನೂ ಬರ ಇಲ್ಲ. ಟೀಮ್ ಸೋತ ರಾತ್ರಿ ಮಾತ್ರ ಅವರನ್ನು ಮಾತಾಡಿಸೋದು ಕಷ್ಟ. 'ಕ್ಲಬ್ ಇಷ್ಟು ಕೆಟ್ಟ ಸ್ಥಿತಿಗೆ ಯಾವತ್ತೂ ಬಂದಿರಲಿಲ್ಲ' ಅಂತ ಶುರು ಮಾಡ್ತಾರೆ. ಬಂದಿತ್ತು ಗೆಳೆಯರೇ, ಇದಕ್ಕಿಂತ ತುಂಬಾ ಕೆಟ್ಟ ಸ್ಥಿತಿಗೆ ಬಂದಿತ್ತು. 1902ರ ಜನವರಿಯಲ್ಲಿ ಈ ಕ್ಲಬ್ಬಿನ ಮೈದಾನಕ್ಕೆ ಕೋರ್ಟಿನ ಅಮೀನರು ಬೀಗ ಹಾಕಿದ್ದರು. ಮುಂದಿನ ಊರಿಗೆ ಹೋಗಿ ಆಡೋಕೆ ರೈಲು ಚಾರ್ಜಿಗೂ ಕ್ಲಬ್ಬಿನಲ್ಲಿ ದುಡ್ಡಿರಲಿಲ್ಲ.

ಆಗ ಅದರ ಹೆಸರು ಮ್ಯಾಂಚೆಸ್ಟರ್ ಯುನೈಟೆಡ್ ಅಲ್ಲ, ನ್ಯೂಟನ್ ಹೀತ್. ಈ ಕಥೆಯನ್ನು ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ 'ಒಂದು ನಾಯಿ ಕ್ಲಬ್ ಉಳಿಸಿತು' ಅಂತ ಎರಡು ಸಾಲಿನಲ್ಲಿ ಮುಗಿಸಿಬಿಡ್ತಾರೆ. ನಾಯಿ ಇತ್ತು ನಿಜ. ಆದರೆ ಒಂದು ಫುಟ್‌ಬಾಲ್ ಕ್ಲಬ್ ಹೇಗೆ ದಿವಾಳಿ ಆಗುತ್ತೆ, ದಿವಾಳಿ ಆದಮೇಲೂ ಹೇಗೆ ಉಳಿಯುತ್ತೆ ಅನ್ನೋದು ಅರ್ಥ ಆಗಬೇಕಾದರೆ ನಾಯಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕಟ್ಟಿಹಾಕಿ ಲೆಕ್ಕ ನೋಡಬೇಕು.

ವರ್ಕ್‌ಶಾಪಿನಲ್ಲಿ ಹುಟ್ಟಿದ ಟೀಮು

ಮೆಕ್ಯಾನಿಕಲ್‌ನವರು ಖುಷಿ ಪಡಬಹುದು. ಈ ಟೀಮನ್ನು ಕಟ್ಟಿದವರು ರೈಲ್ವೆ ವರ್ಕ್‌ಶಾಪಿನ ಕೆಲಸಗಾರರು. ಲ್ಯಾಂಕಶೈರ್ ಅಂಡ್ ಯಾರ್ಕ್‌ಶೈರ್ ರೈಲ್ವೆ ಕಂಪನಿಗೆ ಮ್ಯಾಂಚೆಸ್ಟರಿನ ನ್ಯೂಟನ್ ಹೀತ್ ಅನ್ನೋ ಬಡಾವಣೆಯಲ್ಲಿ ಡಿಪೋ ಇತ್ತು. ಅಲ್ಲಿ ರೈಲ್ವೆ ಬೋಗಿ, ವ್ಯಾಗನ್ ವಿಭಾಗದಲ್ಲಿ ದುಡಿಯುತ್ತಿದ್ದವರು 1878ರಲ್ಲಿ ಟೀಮು ಮಾಡಿಕೊಂಡರು. ಶುರುವಿನ ಜೆರ್ಸಿ ಹಸಿರು ಮತ್ತು ಬಂಗಾರದ ಬಣ್ಣದ್ದು. ಮೈದಾನ ನಾರ್ತ್ ರೋಡ್‌ನಲ್ಲಿ, ರೈಲ್ವೆ ಯಾರ್ಡಿನ ಪಕ್ಕದಲ್ಲೇ. ಆಟದ ಮಧ್ಯೆ ಇಂಜಿನ್ನಿನ ಹೊಗೆ ಬಂದು ಮೈದಾನದ ಮೇಲೆ ಕವಿಯುತ್ತಿತ್ತು. ಬಟ್ಟೆ ಬದಲಾಯಿಸೋಕೆ ರೂಮಿರಲಿಲ್ಲ, ಸುಮಾರು ಅರ್ಧ ಮೈಲಿ ದೂರದ ಪಬ್ಬಿನಲ್ಲಿ ಬದಲಾಯಿಸಿಕೊಂಡು ನಡೆದು ಬರಬೇಕಿತ್ತು.

ಆ ಕಾಲಕ್ಕೆ ಫುಟ್‌ಬಾಲ್ ಆಡಿ ದುಡ್ಡು ತಗೊಳ್ಳೋದು ಇಂಗ್ಲೆಂಡಿನಲ್ಲಿ ನಿಯಮಕ್ಕೆ ವಿರುದ್ಧ. ಕದ್ದುಮುಚ್ಚಿ ಕೊಡುವವರು ಕೊಡ್ತಾನೇ ಇದ್ದರು. ಕೊನೆಗೆ 1885ರ ಜುಲೈನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ವೃತ್ತಿಪರ ಫುಟ್‌ಬಾಲ್ ಅಧಿಕೃತವಾಗಿ ಶುರುವಾಗಿದ್ದು ಹೀಗೆ. ನ್ಯೂಟನ್ ಹೀತ್‌ಗೆ ಒಂದು ದೊಡ್ಡ ಅನುಕೂಲ ಇತ್ತು. ವೇಲ್ಸಿನಿಂದ ಒಳ್ಳೇ ಆಟಗಾರನನ್ನು ಕರೆಸಬೇಕಾ? ಅವನಿಗೆ ರೈಲ್ವೆಯಲ್ಲೇ ಒಂದು ಕೆಲಸ ಕೊಡಿಸಿದರೆ ಆಯ್ತು. ಆಗ ಆಟಗಾರನ ಹೊಟ್ಟೆಪಾಡಿನ ಪೂರ್ತಿ ಭಾರ ಕ್ಲಬ್ಬಿನ ಮೇಲೆ ಬೀಳುತ್ತಿರಲಿಲ್ಲ.

1888ರಲ್ಲಿ 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಶುರುವಾಯಿತು. ನ್ಯೂಟನ್ ಹೀತ್‌ಗೆ ಅದರೊಳಗೆ ಜಾಗ ಸಿಕ್ಕಿದ್ದು 1892ರಲ್ಲಿ, ಅದೂ ನೇರವಾಗಿ ಫಸ್ಟ್ ಡಿವಿಷನ್‌ಗೆ. ಅದೇ ಹೊತ್ತಿಗೆ ಕ್ಲಬ್ ರೈಲ್ವೆ ಕಂಪನಿಯಿಂದ ಬೇರೆಯಾಗಿ ತನ್ನ ಕಾಲ ಮೇಲೆ ತಾನು ನಿಂತುಕೊಳ್ಳಲು ಹೊರಟಿತು. ಅಂದರೆ ಖರ್ಚು ದೊಡ್ಡದಾಗುವ ವರ್ಷವೇ ಆಸರೆಯಾಗಿದ್ದ ಮನೆ ಬಿಟ್ಟು ಹೊರಗೆ ಬಂತು.

ಕುಸಿತ

ಮೊದಲ ಸೀಸನ್ನಿನಲ್ಲೇ ವುಲ್ವ್ಸ್ ಮೇಲೆ 10-1 ಗೆಲುವು. ಕ್ಲಬ್ಬಿನ ಲೀಗ್ ಚರಿತ್ರೆಯಲ್ಲಿ ಇವತ್ತಿಗೂ ಅದಕ್ಕಿಂತ ದೊಡ್ಡ ಅಂತರದ ಗೆಲುವಿಲ್ಲ. ಆದರೂ ಸೀಸನ್ ಮುಗಿದಾಗ 16 ತಂಡಗಳಲ್ಲಿ ಕೊನೆಯ ಸ್ಥಾನ! ಟೆಸ್ಟ್ ಮ್ಯಾಚ್ ಅಂತ ಒಂದು ಪದ್ಧತಿ ಇತ್ತು. ಮೇಲಿನ ಡಿವಿಷನ್‌ನ ಕೊನೆಯವರು ಕೆಳಗಿನ ಡಿವಿಷನ್‌ನ ಮೇಲಿನವರ ಜೊತೆ ಆಡಿ ಜಾಗ ಉಳಿಸಿಕೊಳ್ಳಬೇಕು. ಸ್ಮಾಲ್ ಹೀತ್ ತಂಡವನ್ನು ರೀಪ್ಲೇಯಲ್ಲಿ 5-2ರಿಂದ ಸೋಲಿಸಿ ಉಳಿದುಕೊಂಡರು. ಮುಂದಿನ ವರ್ಷ ಮತ್ತೆ ಕೊನೆಯ ಸ್ಥಾನ, ಮತ್ತೆ ಟೆಸ್ಟ್ ಮ್ಯಾಚ್. ಈ ಸಲ 2-0 ಸೋಲು. ಸೋಲಿಸಿ ಅವರ ಜಾಗಕ್ಕೆ ಹೋದವರು ಯಾರು ಗೊತ್ತಾ? ಲಿವರ್‌ಪೂಲ್. (ಯುನೈಟೆಡ್ ಫ್ಯಾನ್‌ಗಳು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಬಹುದು.)

1893ರಲ್ಲಿ ಕ್ಲಬ್ ಕ್ಲೇಟನ್‌ನ ಬ್ಯಾಂಕ್ ಸ್ಟ್ರೀಟ್ ಮೈದಾನಕ್ಕೆ ಬಂದಿತ್ತು. ಸುತ್ತ ಫ್ಯಾಕ್ಟರಿ ಚಿಮಣಿಗಳು. ನೆಲ ಎಷ್ಟು ಹಾಳಾಗಿತ್ತು ಅಂದರೆ, 1895ರ ಮಾರ್ಚಿನಲ್ಲಿ ವಾಲ್ಸಾಲ್ ತಂಡ ಇಲ್ಲಿ 14-0ರಿಂದ ಸೋತು, ಮೈದಾನ ಆಡೋಕೆ ಯೋಗ್ಯವಾಗಿಲ್ಲ ಅಂತ ದೂರು ಕೊಟ್ಟಿತು. ಲೀಗ್ ಆ ದೂರನ್ನು ಒಪ್ಪಿ ಮ್ಯಾಚನ್ನೇ ರದ್ದು ಮಾಡಿತು. ಮತ್ತೆ ಆಡಿಸಿದಾಗ 9-0. ಗೆದ್ದರೂ ಸೆಕೆಂಡ್ ಡಿವಿಷನ್ ಬಿಟ್ಟು ಮೇಲೆ ಬರೋಕೆ ಆಗಲಿಲ್ಲ. ಅಷ್ಟರಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ 1899ರಲ್ಲಿ ಫಸ್ಟ್ ಡಿವಿಷನ್‌ಗೆ ಏರಿತು. ಶನಿವಾರ ಮಧ್ಯಾಹ್ನ ಕೈಯಲ್ಲಿ ಸ್ವಲ್ಪ ಕಾಸಿರುವ ಕಾರ್ಮಿಕ ಒಳ್ಳೇ ಆಟ ನೋಡಬೇಕು ಅಂದುಕೊಂಡರೆ ಎಲ್ಲಿಗೆ ಹೋಗ್ತಾನೆ, ನೀವೇ ಹೇಳಿ.

ಆರು ಪೆನ್ಸಿನ ಲೆಕ್ಕ

ಈಗ ಕ್ಯಾಲ್ಕುಲೇಟರ್ ತಗೊಳ್ಳಿ. ಆಗ ಟಿವಿ ಹಕ್ಕು ಇಲ್ಲ, ಜೆರ್ಸಿ ಮೇಲೆ ಸ್ಪಾನ್ಸರ್ ಇಲ್ಲ. ಮುಖ್ಯ ಆದಾಯ ಅಂದರೆ ಗೇಟಿನಲ್ಲಿ ಬರುವ ದುಡ್ಡು. ಲೀಗ್ 1890ರಲ್ಲಿ ನಿಗದಿ ಮಾಡಿದ ಕನಿಷ್ಠ ಟಿಕೆಟ್ ದರ ಆರು ಪೆನ್ಸ್. ಆಗಿನ ಒಂದು ಪೌಂಡಿಗೆ 240 ಪೆನ್ಸ್. ಅಂದರೆ 40 ಟಿಕೆಟ್ ಮಾರಿದರೆ ಒಂದು ಪೌಂಡ್. ಸಾವಿರ ಜನ ಬಂದರೆ 25 ಪೌಂಡ್.

ಖರ್ಚಿನ ಕಡೆ ನೋಡಿ. ಇದೇ 1901-02ರ ಸೀಸನ್‌ನಿಂದ ಆಟಗಾರರಿಗೆ ವಾರಕ್ಕೆ ಗರಿಷ್ಠ 4 ಪೌಂಡ್ ಸಂಬಳ ಅನ್ನೋ ಮಿತಿ ಜಾರಿಗೆ ಬಂತು. ಎಲ್ಲರಿಗೂ ಅಷ್ಟು ಸಿಗುತ್ತಿತ್ತು ಅಂತಲ್ಲ. ಆದರೆ ಹನ್ನೊಂದು ಜನಕ್ಕೆ ಪೂರ್ತಿ ಕೊಟ್ಟರೆ ವಾರಕ್ಕೆ 44 ಪೌಂಡ್, ಅಂದರೆ 1,760 ಟಿಕೆಟ್. ಇದರ ಮೇಲೆ ಮೈದಾನದ ಬಾಡಿಗೆ, ರೈಲು ಚಾರ್ಜು, ರಿಸರ್ವ್ ಆಟಗಾರರ ಖರ್ಚು. ಸೆಕೆಂಡ್ ಡಿವಿಷನ್‌ನಲ್ಲಿ 34 ಮ್ಯಾಚ್, ಅದರಲ್ಲಿ ಸ್ವಂತ ಮೈದಾನದಲ್ಲಿ 17 ಮಾತ್ರ. ಸಂಬಳ ಪ್ರತಿ ವಾರ, ಗೇಟಿನ ದುಡ್ಡು ಎರಡು ವಾರಕ್ಕೊಮ್ಮೆ. ಮಳೆ ಬಂದರೆ ಅದೂ ಇಲ್ಲ.

1902ರ ಜನವರಿಯಲ್ಲಿ ಕ್ಲಬ್ಬಿನ ಸಾಲ 2,670 ಪೌಂಡ್ ಆಗಿತ್ತು. ನಮ್ಮ ಲೆಕ್ಕದಲ್ಲಿ 1,06,800 ಟಿಕೆಟ್. ಒಂದು ಪೆನ್ನಿಯನ್ನೂ ಖರ್ಚು ಮಾಡದೆ, 17 ಮ್ಯಾಚಿಗೂ ತಲಾ 6,282 ಜನ ಬಂದರೆ ಸಾಲ ಸರಿಸುಮಾರು ತೀರುತ್ತೆ. ಕೆಳಗಿನ ಡಿವಿಷನ್‌ನಲ್ಲಿ ಒದ್ದಾಡುತ್ತಿರುವ ಟೀಮಿಗೆ ಇದು ಆಗುವ ಮಾತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆಯೇ ವರ್ಷ ವರ್ಷ ಚಿಕ್ಕದಾಗುತ್ತಾ ಬಂದಿತ್ತು. ಟೀಮು ಸೋತರೆ ಜನ ಬರಲ್ಲ, ಜನ ಬರದಿದ್ದರೆ ಒಳ್ಳೇ ಆಟಗಾರನಿಗೆ ಕೊಡೋಕೆ ದುಡ್ಡಿಲ್ಲ, ಅವನಿಲ್ಲದಿದ್ದರೆ ಮತ್ತೆ ಸೋಲು. ಕಂಟ್ರೋಲ್ ಸಿಸ್ಟಮ್ಸ್ ಓದಿದ ಸೀನಿಯರ್‌ಗಳು ಇದನ್ನು ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಹೆಸರಲ್ಲಿ ಮಾತ್ರ ಪಾಸಿಟಿವ್.

ಕೋರ್ಟಿನ ಬಾಗಿಲು ತಟ್ಟಿದ್ದು ಹೊರಗಿನವರಲ್ಲ, ಕ್ಲಬ್ಬಿನ ಅಧ್ಯಕ್ಷರಾಗಿದ್ದ ವಿಲಿಯಂ ಹೀಲಿಯವರೇ. ಅವರಿಗೆ 242 ಪೌಂಡ್‌ಗೂ ಹೆಚ್ಚು ಬರಬೇಕಿತ್ತು. ಕ್ಲಬ್ಬನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡಬೇಕು ಅಂತ ಆದೇಶ ಆಯಿತು. ಬ್ಯಾಂಕ್ ಸ್ಟ್ರೀಟ್ ಗೇಟಿಗೆ ಬೀಗ ಬಿತ್ತು.

ನಾಯಕ ಮಾಡಿದ ಕೆಲಸ

ಇಲ್ಲಿ ಒಂದು ವಿಷಯ ಗಮನಿಸಿ. ಕ್ಲಬ್ಬಿನ ನಿಜವಾದ ಆಸ್ತಿ ಮೈದಾನ ಅಲ್ಲ, ಅದು ಬಾಡಿಗೆಯದು. ಆಸ್ತಿ ಅಂದರೆ ಲೀಗಿನಲ್ಲಿದ್ದ ಜಾಗ. ಒಪ್ಪಿಕೊಂಡ ಮ್ಯಾಚುಗಳನ್ನು ಆಡುವ ತನಕ ಮಾತ್ರ ಆ ಜಾಗಕ್ಕೆ ಬೆಲೆ. ಆಡೋಕೆ ಹೋಗಲೇ ಇಲ್ಲ ಅಂದರೆ ಯಾವ ಶ್ರೀಮಂತ ಬಂದರೂ ಉಳಿಸೋಕೆ ಏನೂ ಉಳಿದಿರಲ್ಲ.

ನಾಯಕ ಹ್ಯಾರಿ ಸ್ಟಾಫರ್ಡ್‌ಗೆ ಇದು ಗೊತ್ತಿತ್ತು ಅನ್ನಿಸುತ್ತೆ. ಡಿಫೆಂಡರ್ ಆಗಿದ್ದ ಈ ಮನುಷ್ಯ ಚಂದಾ ಎತ್ತಿ, ಬ್ರಿಸ್ಟಲ್ ಸಿಟಿ ವಿರುದ್ಧ ಆಡೋಕೆ ಟೀಮನ್ನು ಬ್ರಿಸ್ಟಲ್‌ಗೆ ಕರೆದುಕೊಂಡು ಹೋಗುವಷ್ಟು ದುಡ್ಡು ಹೊಂದಿಸಿದ. ರಿಸರ್ವ್ ತಂಡದ ಪಂದ್ಯಕ್ಕೆ ಹಾರ್ಪರ್‌ಹೇಯಲ್ಲಿ ತಾತ್ಕಾಲಿಕ ಮೈದಾನ ಹುಡುಕಿದ. ಕೇಳೋಕೆ ಸಣ್ಣ ಕೆಲಸಗಳು. ಆದರೆ ಆ ಸೀಸನ್ ಪೂರ್ತಿ ಆಡಿ ಮುಗಿಸಿದ್ದು ಇಂಥ ಸಣ್ಣ ಕೆಲಸಗಳಿಂದಲೇ.

ಕೊನೆಗೆ ಬಂದ ಲೆಕ್ಕ ಇದು: 34 ಮ್ಯಾಚ್, 11 ಗೆಲುವು, 6 ಡ್ರಾ, 17 ಸೋಲು. ಗೆಲುವಿಗೆ ಎರಡು ಪಾಯಿಂಟ್ ಲೆಕ್ಕದಲ್ಲಿ 28 ಪಾಯಿಂಟ್. 18 ತಂಡಗಳಲ್ಲಿ 15ನೇ ಸ್ಥಾನ. ನಗಬೇಡಿ. ಕೊನೆಯ ಮೂರು ತಂಡಗಳು ಲೀಗಿನಲ್ಲಿ ಉಳಿಯೋಕೆ ಉಳಿದ ಕ್ಲಬ್‌ಗಳ ಮುಂದೆ ಕೈಚಾಚಿ ಓಟು ಕೇಳಬೇಕಿತ್ತು. ಆ ಗೆರೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ನಿಂತರು. ಸಾಲದಲ್ಲಿ ಮುಳುಗಿದ ಕ್ಲಬ್ಬಿಗೆ ಓಟು ಯಾರು ಹಾಕ್ತಿದ್ದರು?

ಈಗ ನಾಯಿ

ಮೇಜರ್ ಅನ್ನೋದು ಸ್ಟಾಫರ್ಡ್ ಸಾಕಿದ್ದ ಸೇಂಟ್ ಬರ್ನಾರ್ಡ್ ನಾಯಿ. 1901ರಲ್ಲಿ ಕ್ಲಬ್ಬಿಗೆ ದುಡ್ಡು ಕೂಡಿಸೋಕೆ ಮ್ಯಾಂಚೆಸ್ಟರಿನ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಬಜಾರ್ ನಡೆಸಿದಾಗ, ಇದರ ಕೊರಳಿಗೆ ಕಾಣಿಕೆ ಡಬ್ಬಿ ಕಟ್ಟಿ ಬಿಟ್ಟಿದ್ದರು. ನಾಯಿ ತಪ್ಪಿಸಿಕೊಂಡಿತಂತೆ, ಬ್ರೂವರಿ ಮಾಲೀಕ ಜಾನ್ ಹೆನ್ರಿ ಡೇವಿಸ್ ಕೈಗೆ ಸಿಕ್ಕಿತಂತೆ, ಅದರ ನೆಪದಲ್ಲಿ ಅವರಿಗೂ ಸ್ಟಾಫರ್ಡ್‌ಗೂ ಪರಿಚಯ ಆಯಿತಂತೆ. ಈ 'ಅಂತೆ'ಗಳನ್ನು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಖಚಿತವಾದದ್ದು ಇಷ್ಟು: ಡೇವಿಸ್ ಮತ್ತು ಇನ್ನೂ ಮೂವರು ಉದ್ಯಮಿಗಳು ತಲಾ 500 ಪೌಂಡ್ ಹಾಕೋಕೆ ಮುಂದೆ ಬಂದರು. ಡೇವಿಸ್ ಅಧ್ಯಕ್ಷರಾದರು. 1902ರ ಏಪ್ರಿಲ್‌ನಲ್ಲಿ ಕ್ಲಬ್ಬಿನ ಹೆಸರು ಬದಲಾಯಿತು. ಮ್ಯಾಂಚೆಸ್ಟರ್ ಸೆಂಟ್ರಲ್, ಮ್ಯಾಂಚೆಸ್ಟರ್ ಸೆಲ್ಟಿಕ್ ಅನ್ನೋ ಹೆಸರುಗಳೂ ಚರ್ಚೆಗೆ ಬಂದು, ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಆಯಿತು. ಕೆಂಪು ಜೆರ್ಸಿ ಬಂದಿದ್ದೂ ಆಗಲೇ. 1908ರಲ್ಲಿ ಲೀಗ್, 1909ರಲ್ಲಿ ಎಫ್‌ಎ ಕಪ್, 1910ರಲ್ಲಿ ಓಲ್ಡ್ ಟ್ರಾಫರ್ಡ್.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಲೀಗ್ ಶುರು ಮಾಡಿದ 12 ಕ್ಲಬ್‌ಗಳಲ್ಲಿ ಒಂದಾದ ಅಕ್ರಿಂಗ್ಟನ್ 1893ರಲ್ಲೇ ಲೀಗ್ ಬಿಟ್ಟು, ಆಮೇಲೆ ಮುಚ್ಚಿಹೋಯಿತು. ಮಿಡಲ್ಸ್‌ಬರೋ ಐರನೋಪೊಲಿಸ್ ಅನ್ನೋ ಕ್ಲಬ್ ಲೀಗಿನಲ್ಲಿ ಆಡಿದ್ದು ಒಂದೇ ಸೀಸನ್. ಅವರೂ ವಾರವಿಡೀ ದುಡಿದು ಶನಿವಾರ ಮಧ್ಯಾಹ್ನ ಗೇಟಿನ ಮುಂದೆ ನಿಂತ ಜನರ ತಂಡಗಳೇ.

ಉಳಿದ ಕ್ಲಬ್ಬಿಗೂ ಒಂದು ಬೆಲೆ ಕಟ್ಟಬೇಕಾಗಿ ಬಂತು. ಕೆಲಸಗಾರರು ಕಟ್ಟಿದ ಟೀಮು ದುಡ್ಡು ಹಾಕಿದವರ ಕೈಗೆ ಹೋಯಿತು. ಡೇವಿಸ್ ಒಳ್ಳೆಯ ಧಣಿ, ತಮ್ಮ ಕೈಯಿಂದ ಕ್ಲಬ್ಬಿಗೆ ಹಾಕಿದರು. ಆದರೆ ಧಣಿ ಒಳ್ಳೆಯವರಾಗಿರೋದು ನಿಯಮ ಅಲ್ಲ, ಅದೃಷ್ಟ. 2005ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ಬನ್ನು ಕೊಂಡಾಗ, ಕೊಳ್ಳೋಕೆ ಮಾಡಿದ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆ ಮೇಲೇ ಬಂತು. ಸಿಟ್ಟಾದ ಕೆಲವು ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅನ್ನೋ ತಮ್ಮದೇ ಕ್ಲಬ್ ಕಟ್ಟಿಕೊಂಡರು. 2010ರಲ್ಲಿ ಓಲ್ಡ್ ಟ್ರಾಫರ್ಡ್ ಸ್ಟ್ಯಾಂಡುಗಳಲ್ಲಿ ಸಾವಿರಾರು ಜನ ಕೆಂಪು ಬಿಟ್ಟು ಹಸಿರು-ಬಂಗಾರದ ಸ್ಕಾರ್ಫ್ ಹಾಕಿಕೊಂಡು ಕೂತರು. ಅದು ಫ್ಯಾಷನ್ ಅಲ್ಲ. ಈ ಕ್ಲಬ್ ಮೊದಲು ಯಾರದ್ದಾಗಿತ್ತು ಅನ್ನೋದನ್ನು ಮಾಲೀಕರಿಗೆ ನೆನಪಿಸುವ ಬಣ್ಣ.

ಇನ್ನೊಂದು ಸಲ ಯಾರಾದರೂ ಆ ಸ್ಕಾರ್ಫ್ ಹಾಕಿಕೊಂಡು ಕ್ಯಾಂಪಸ್ಸಿನಲ್ಲಿ ಕಂಡರೆ ಇದು ಯಾವ ಟೀಮು ಅಂತ ಕೇಳಬೇಡಿ. ಸ್ಟಾಫರ್ಡ್ ಯಾರು ಗೊತ್ತಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಹೇಳಿ. ನಾಯಿಯ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ.